ಗಾಡಿತಾಯಿಯ ಕಪ್ಪು ನೀರು

ಥೂ! ಆ ನೀರಿನ ವಾಸನೆ ಇನ್ನೂ ನನ್ನ ಮೂಗು ಬಿಟ್ಟು ಹೋಗಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ಕಮಟು, ಅದರ ಜೊತೆಗೆ ಒಂಥರಾ ಕೆಟ್ಟ ಸಿಹಿ, ಉಗುರಿಗೆ ಹಚ್ಚೋ ಬಣ್ಣದ ಬಾಟ್ಲಿ ಒಡೆದುಹೋದ ಹಾಗೆ. ಬಣ್ಣ ನೋಡಿದ್ರೆ ಚರಂಡೀನೇ ವಾಸಿ. ಅಂಥಾ ನೀರನ್ನ ನಮ್ಮ ಜನ ಕಣ್ಣಿಗೆ ಒತ್ಕೊಂಡ್ರು, ತಲೆ ಮೇಲೆ ಚಿಮುಕಿಸ್ಕೊಂಡ್ರು, ಬಾಟ್ಲಿಗೆ ತುಂಬ್ಕೊಂಡು ಮನೆಗೆ ಒಯ್ದು ದೇವರ ಪಕ್ಕ ಇಟ್ಟು ಕೈ ಮುಗಿದ್ರು. ನಾನು ಕಣ್ಣಾರೆ ಕಂಡಿದೀನಿ. ನನ್ನ ಅನ್ನದ ಅಂಗಡಿ ಇರೋದೇ ಆ ಅಂಗಳದ ಗೇಟಿಗೆ ಎದುರಾಗಿ. ಆ ದಿನಗಳಲ್ಲಿ ನನ್ನ ಹುಳಿ ಸಾರು ಮಧ್ಯಾಹ್ನಕ್ಕೇ ಖಾಲಿ ಆಗ್ತಿತ್ತು. ಆ ನೀರು ಮುಟ್ಟಿದ ಕೈಯಲ್ಲೇ ತುತ್ತು ಕಲೆಸಿ ತಿನ್ನೋರು!

ನಾನು ಹೇಳೋಕೆ ಕೂತಿದ್ದು ನನ್ನ ಮೈದುನ ಸಂಗ್ವಿಯನ್ ವಿಷಯ. ನನ್ನ ಗಂಡನ ತಮ್ಮ. ಗಂಡ ಹೋಗಿ ಎಷ್ಟೋ ವರ್ಷ ಆಯ್ತು. ಮನೇಲಿ ಈಗ ನಾನು, ಅವನು, ನಮ್ಮತ್ತೆ ತೊಂಗ್‌ಬೈ, ಇಷ್ಟೇ ಜನ. ಮದುವೆ ಗಿದುವೆ ಅವನಿಗೆ ಒಗ್ಗಲಿಲ್ಲ. ಚೊನ್‌ಬುರಿ ಕಡೆ ಒಂದು ನಗರಸಭೆಯ ಬೆಂಕಿ ಆರಿಸೋ ದಳದಲ್ಲಿ ಪೈಪು ಹಿಡೀತಿದ್ದ. ಮತ್ತೆ ಹಾಡ್ತಿದ್ದ. ನಮ್ಮೂರು ಬಾನ್ ಸಕ್‌ನಲ್ಲಿ ಯಾವ ಹುಡುಗ ಭಿಕ್ಷು ಆಗೋಕೆ ಹೊರಟ್ರೂ ಮೆರವಣಿಗೆ ಮುಂದೆ ಸಂಗ್ವಿಯನ್ ಹಾಡಲೇಬೇಕು. ಮೈಕು ಕೊಟ್ರೆ ತಳ್ಳಿಬಿಡೋನು. "ನನ್ನ ಗಂಟಲಿಗೆ ಕರೆಂಟು ಬೇರೆ ಬೇಕಾ?" ಅನ್ನೋನು.

ಆ ಗಂಟಲು ಬಂದಿದ್ದು ತಾಯಿ ಕಡೆಯಿಂದ. ನಮ್ಮತ್ತೆ ಹಿತ್ತಲಲ್ಲಿ ನಿಂತು ಕೂಗಿದ್ರೆ ಕಾಲುವೆ ಆಚೆ ದಡದ ಬಾತುಕೋಳಿಗಳು ಎದ್ದು ಓಡ್ತಿದ್ವು. ತಾಯಿ ಮಗ ಸುಮ್ನೆ ಮಾತಾಡ್ತಿದ್ರೂ ಹೊಡೆದಾಟ ಅಂದ್ಕೊಂಡು ಪಕ್ಕದ ಮನೆಯವರು ಇಣುಕೋರು.

"ಏ ಮುದುಕಿ, ಅನ್ನ ಹಾಕ್ತೀಯೋ ಇಲ್ವೋ?"

"ಸತ್ತಿರೋ ನಿಮ್ಮಪ್ಪ ಎದ್ದು ಬಂದು ಬಡಿಸ್ತಾನೆ, ಕಾಯ್ಕೊಂಡು ಕೂತಿರು!"

ಊರಲ್ಲಿ ಅವರನ್ನ ಮುದುಕಿ ಅನ್ನೋ ಧೈರ್ಯ ಇದ್ದಿದ್ದು ಅವನೊಬ್ಬನಿಗೇ. ಬೇರೆ ಯಾರಾದ್ರೂ ಅಂದಿದ್ರೆ ಪೊರಕೆ ಮುರಿಯೋವರೆಗೂ ಬಾರಿಸೋರು.

ಆಮೇಲೆ ಆ ಅಪಾರ್ಟ್‌ಮೆಂಟಿನ ಬೆಂಕಿ ಬಂತು. ನೆಲಮಾಳಿಗೇಲಿ ಚಾರ್ಜಿಗೆ ಹಾಕಿದ್ದ ಒಂದು ಕರೆಂಟ್ ಕಾರಿನ ತಳದಿಂದ ಬಿಳಿ ಮಂಜು ಹರಿದು ಬರ್ತಾ ಇತ್ತಂತೆ, ನೆಲಕ್ಕೆ ಅಂಟ್ಕೊಂಡು. ಆಗ ಯಾರಿಗೂ ಗೊತ್ತಿರಲಿಲ್ಲ. ನೀರಿನ ಆವಿ ಅಂದ್ಕೊಂಡ್ರು. ಆ ಕಟ್ಟಡದ ಜನ, ಹೇಳೋಕೆ ಓದಿದವರು, ಮೇಲೆ ಹೋಗ್ರಪ್ಪಾ ಅಂದ್ರೆ ಮೇಲಿಂದ ಕೆಳಗೆ ಇಳಿದು ಬರ್ತಿದ್ರಂತೆ. ಒಬ್ಬನಿಗೆ ತನ್ನ ಕಾರು ಪಕ್ಕಕ್ಕೆ ತೆಗೀಬೇಕು, ಇನ್ನೊಬ್ಬಳಿಗೆ ಫೋನಲ್ಲಿ ವಿಡಿಯೋ ಹಿಡೀಬೇಕು. ಸಂಗ್ವಿಯನ್ ಹೊಗೆ ತಡೆಯೋ ಮುಖವಾಡದ ಒಳಗಿಂದ ಕೂಗಿದ. ಯಾರಿಗೂ ಕೇಳಿಸಲಿಲ್ಲ. ಮುಖವಾಡ ಕಿತ್ತು ಕುತ್ತಿಗೆಗೆ ಹಾಕ್ಕೊಂಡು, ಆ ಮಂಜಿನ ಮಧ್ಯೆ ನಿಂತು, ತಾಯಿ ಕೊಟ್ಟ ಗಂಟಲಲ್ಲಿ ಕೂಗಿದ. ಆಗ ಓಡಿದ್ರು ನೋಡಿ, ಚಪ್ಪಲಿ ಬಿಟ್ಟು! ಒಬ್ಬರೂ ಸಾಯಲಿಲ್ಲ. ಆದ್ರೆ ಆ ಮಂಜು ಬ್ಯಾಟರಿ ಕಕ್ಕಿದ ವಿಷ. ಅದು ಅವನ ಗಂಟಲನ್ನ ಒಳಗಿಂದ ಸುಟ್ಟುಬಿಡ್ತು. ಆಮೇಲೆ ಉಳಿದಿದ್ದು ಒಂದು ಪಿಸುಮಾತು, ಒಣಗಿದ ಬಾಳೆ ಎಲೆ ನೆಲದ ಮೇಲೆ ಎಳೆದ ಹಾಗೆ.

ಅದಕ್ಕೆ ಸಿಕ್ಕಿದ್ದೇನು ಗೊತ್ತಾ? ಚೌಕಟ್ಟು ಹಾಕಿದ ಒಂದು ಪ್ರಶಸ್ತಿ ಪತ್ರ, ಹೂವಿನ ಹಾರ, ಆಮೇಲೆ ಉಗ್ರಾಣದಲ್ಲಿ ಬಕೆಟ್ಟು ಕಾಯೋ ಕೆಲಸ. ಅವನು ಜೀವ ಉಳಿಸಿದ ಆ ಜನ, ನೀರು ಬಿಟ್ಟು ನಮ್ಮ ಕಾರುಗಳನ್ನ ಹಾಳು ಮಾಡಿದ್ರು ಅಂತ ದೂರು ಬೇರೆ ಕೊಟ್ರು. ಮಾನಗೆಟ್ಟವರು! ನಮ್ಮತ್ತೆ ಮಾತ್ರ ಅವತ್ತಿಂದ ಮಗನ ಎದುರು ಜೋರಾಗಿ ಮಾತಾಡೋದೇ ಬಿಟ್ರು. ಅವನಿಗಿಲ್ಲದ್ದು ತನಗ್ಯಾಕೆ ಅಂತಲೋ ಏನೋ. ಮನೆ ಬಣಗುಟ್ಟೋದು.

ಆ ಬೆಂಕಿ ಬಗ್ಗೆ ಕೇಳೋಕೆ ಅಂತ ಒಂದು ದಿನ ಫಕಾಮಾತ್ ಮೇಡಂ ಬಂದ್ರು. ಯೂನಿವರ್ಸಿಟಿಯವರು. ಸಣ್ಣ ಆಳು, ದೊಡ್ಡ ಕನ್ನಡಕ. ಬ್ಯಾಟರಿ ಬೆಂಕಿಯನ್ನ ಬೆಂಕಿ ಆರಿಸೋರು ಸಾಯದ ಹಾಗೆ ಆರಿಸೋದು ಹೆಂಗೆ ಅಂತ ಕಂಡುಹಿಡಿಯೋದೇ ಅವರ ಕೆಲಸ. ನನ್ನ ಅಂಗಡೀಲಿ ಕೂತು, ಸಂಗ್ವಿಯನ್ ಬಾಯಿ ಹತ್ರ ಕಿವಿ ತಂದು, ಒಂದು ಮಾತೂ ಬಿಡದ ಹಾಗೆ ಕೇಳಿಸ್ಕೊಂಡ್ರು. ಅಷ್ಟು ದಿನ ಯಾರೂ ಹಂಗೆ ಕೇಳಿರಲಿಲ್ಲ. ಎದ್ದು ಹೋಗುವಾಗ "ನನ್ನ ಜೊತೆ ಕೆಲಸಕ್ಕೆ ಬರ್ತೀರಾ ಅಣ್ಣಾ?" ಅಂದ್ರು.

ನಮ್ಮೂರ ಹಳೆ ಮರಗೆಣಸಿನ ಹಿಟ್ಟಿನ ಕಾರ್ಖಾನೆಯ ಅಂಗಳವನ್ನ ಬಾಡಿಗೆಗೆ ಹಿಡಿದು ಅಲ್ಲೇ ಅವರು ಬ್ಯಾಟರಿ ಸುಡ್ತಿದ್ರು. ಒಂದು ದಿನ ನನ್ನ ಅನ್ನದ ಕ್ಯಾರಿಯರ್ ಮುಂದಿಟ್ಕೊಂಡು ನನಗೆ ವಿವರಿಸಿದ್ರು. "ನೋಡಿ ಲಮೈ ಅಕ್ಕಾ, ಬೆಂಕಿ ಇರೋದು ಈ ಮುಚ್ಚಿದ ಡಬ್ಬಿ ಒಳಗೆ. ಮೇಲಿಂದ ಎಷ್ಟು ನೀರು ಹುಯ್ದ್ರೂ ಡಬ್ಬಿ ಹೊರಗೆ ತೊಳೆದ ಹಾಗೆ ಅಷ್ಟೇ. ಆರಿತು ಅಂತ ನಾವು ಮನೆಗೆ ಹೋಗ್ತೀವಿ, ಒಳಗೆ ಒಂದು ಮೂಲೇಲಿ ಕಾವು ಉಳಿದಿರುತ್ತೆ, ನಾಳೆಯೋ ನಾಡಿದ್ದೋ ಮತ್ತೆ ಹತ್ಕೊಳ್ಳುತ್ತೆ." ಕಾರಿನ ಹೊಟ್ಟೆ ಕೆಳಗೆ ಚಪ್ಪಟೆ ಕೊಳವೆ ತೂರಿಸಿ ಕಡಿಮೆ ನೀರಲ್ಲಿ ತಂಪು ಮಾಡೋದು, ದಪ್ಪ ಕಂಬಳಿ ಹೊದಿಸೋದು, ಇಡೀ ಕಾರನ್ನ ಕಬ್ಬಿಣದ ತೊಟ್ಟಿಯಲ್ಲಿ ಮುಳುಗಿಸಿ ಇಡೋದು, ಎಲ್ಲಾ ಮಾಡಿ ನೋಡ್ತಿದ್ರು. ಅವರಿಗೆ ಬೆಂಕಿಗಿಂತ ದೊಡ್ಡ ಚಿಂತೆ ನೀರಿಂದು. ಬ್ಯಾಟರಿ ತೊಳೆದ ನೀರಲ್ಲಿ ಆಮ್ಲ ಇರುತ್ತೆ, ಲೋಹ ಇರುತ್ತೆ. ಅದನ್ನ ಕಾಲುವೆಗೆ ಬಿಟ್ರೆ ನಮ್ಮ ಗದ್ದೆಗೆ, ಸಿಗಡಿ ಕೊಳಕ್ಕೆ, ಕೊನೆಗೆ ನಮ್ಮ ತಟ್ಟೆಗೇ ಬರುತ್ತೆ.

ಸಂಗ್ವಿಯನ್ ಕೆಲಸ ಕಾವಲು. ಸುಟ್ಟ ಗಾಡಿ ಸುತ್ತ ಹಗ್ಗ ಕಟ್ಟಿ, ಕಾವು ತೋರಿಸೋ ಕ್ಯಾಮೆರಾ ಹಿಡಿದು, ಯಾರೂ ಹತ್ರ ಬರದ ಹಾಗೆ ನೋಡ್ಕೋಬೇಕು. ನಗರಸಭೆಯ ಹಳೇ ಅಂಗೀನೇ ಹಾಕ್ಕೊಂಡು ಬರ್ತಿದ್ದ, ಬೆಂಕಿ ಬಿದ್ರೆ ಕರೆಯೋ ಫೋನ್ ನಂಬರು ಬೆನ್ನ ಮೇಲೆ ದೊಡ್ಡದಾಗಿ ಬರೆದಿರೋ ಅಂಗಿ. ಅವನು ಒಂದೇ ಒಂದು ಆಸೆ ಹೇಳ್ಕೊಂಡಿದ್ದ, ಒಂದು ಸಲ, ನನ್ನ ಹತ್ರ. "ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಅತ್ತಿಗೆ. ಈ ಅಂಗಳದಲ್ಲಿ ಒಬ್ಬರಿಗೆ ಏನಾದ್ರೂ ಆದ್ರೂ ಮೇಡಂ ಕೆಲಸ ನಿಲ್ಲಿಸಿಬಿಡ್ತಾರೆ. ಆಮೇಲೆ ನನ್ನ ಗಂಟಲು ಹೋಗಿದ್ದು ದಂಡ."

ಅಲ್ಲಿಗೆ ಎಂಥೆಂಥವರು ಬರ್ತಿದ್ರು! ಟೈ ಕಟ್ಟಿದ ಒಬ್ಬ ಮಾರಾಟಗಾರ ಬಂದ. ತನ್ನ ಡಬ್ಬಿಯ ಪುಡಿ ಊದಿದ್ರೆ ಎಂಥಾ ಬ್ಯಾಟರಿ ಬೆಂಕಿಯೂ ಕಣ್ಮುಚ್ಚಿ ಬಿಡೋದ್ರೊಳಗೆ ಆರುತ್ತೆ ಅಂತ. ಅಧಿಕಾರಿಗಳೆಲ್ಲ ಶಾಮಿಯಾನದ ಕೆಳಗೆ ತಂಪು ಟವೆಲ್ಲಿಂದ ಮುಖ ಒರೆಸ್ಕೋತಾ ಕೂತ್ರು. ಕಾರಿಗೆ ಬೆಂಕಿ ಹಚ್ಚಿದ, ಪುಡಿ ಊದಿದ, ಆರಿತು, ಚಪ್ಪಾಳೆ. ಸಂಗ್ವಿಯನ್ ಬಗ್ಗಿ ನೋಡಿದ್ರೆ ಆ ಕಾರಿನ ತಳದಲ್ಲಿ ಬ್ಯಾಟರಿಯೇ ಇಲ್ಲ! ಮೊದಲೇ ಬಿಚ್ಚಿಸಿಬಿಟ್ಟಿದ್ದಾನೆ, ಕಳ್ಳ. ಸಂಗ್ವಿಯನ್ ಹೇಳೋಕೆ ಹೋದ. ಅವನ ಪಿಸುಮಾತು ಚಪ್ಪಾಳೇಲಿ ಮುಳುಗಿಹೋಯ್ತು. ಒಬ್ಬ ಅಧಿಕಾರಿ "ನೀರು ಬೇಕಾ? ಅಲ್ಲಿದೆ ನೋಡು" ಅಂತ ಬಾಟ್ಲಿ ತೋರಿಸಿದ.

ಆಮೇಲೆ ಬಂತು ಆ ಬಿಳಿ ಕಾರು. ಹೆದ್ದಾರಿ ಪಕ್ಕ ಚಾರ್ಜಿಗೆ ಹಾಕಿದ್ದಾಗ ಸುಟ್ಟಿದ್ದು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಆರಿಸಿ ಲಾರಿಗೆ ಹೇರಿದ್ರೆ ಲಾರಿ ಮೇಲೇ ಮತ್ತೆ ಹತ್ಕೊಂಡಿತು. ಅದನ್ನ ಆರಿಸಿ ನಮ್ಮ ಅಂಗಳಕ್ಕೆ ತಂದು ಇಳಿಸಿದ್ರೆ ಮಾರನೇ ದಿನ ಜನ ನೋಡ್ತಿದ್ದ ಹಾಗೇ ಮೂರನೇ ಸಲ ಭಗ್ ಅಂತ ಎದ್ದಿತು. ಮೇಡಂ ಅದನ್ನ ತೊಟ್ಟಿಗೆ ಇಳಿಸಿ ಕಿಟಕಿವರೆಗೂ ನೀರು ತುಂಬಿಸಿದ್ರು. "ಈ ಥರದ ಕಸ ಒಯ್ಯೋ ಲಾರಿ ಬರೋಕೆ ಎರಡು ವಾರ ಆಗುತ್ತೆ. ಅಲ್ಲೀವರೆಗೂ ಯಾರೂ ಮುಟ್ಟಬಾರದು, ನೀರನ್ನೂ ಕೂಡ" ಅಂದ್ರು.

ನಮ್ಮ ಜನಕ್ಕೆ ಅಷ್ಟು ಸಾಕಲ್ಲ! ದೋಣಿಗೆ ಹೆಂಗೋ ಗಾಡಿಗೂ ಹಂಗೇ, ಒಳಗೆ ಒಬ್ಬ ತಾಯಿ ಕೂತಿರ್ತಾಳೆ. ಹೊಸ ಗಾಡಿ ತಂದ ದಿನ ಅವಳಿಗೆ ಹೂವು ಕಟ್ತೀವಿ, ಬಣ್ಣದ ರಿಬ್ಬನ್ ಸುತ್ತುತೀವಿ, ನಾನೂ ಕಟ್ಟಿದೀನಿ. ಮೂರು ಸಲ ಸತ್ತು ಮೂರು ಸಲ ಎದ್ದ ಗಾಡಿ ಅಂದ್ರೆ ತಾಯಿ ಬಿಟ್ಟು ಹೋಗೋಕೆ ಒಪ್ತಾ ಇಲ್ಲ ಅಂತ ಅರ್ಥ. ಬಿಟ್ಟು ಹೋಗದ ತಾಯಿ ಅಂದ್ರೆ ಲಾಟರಿ ನಂಬರು ಕೊಡ್ತಾಳೆ ಅಂತ ಅರ್ಥ. ಮೊದಲು ಬಂದವರು ನಂಬರ್ ಪ್ಲೇಟ್ ನೋಡೋಕೆ ಬಂದ್ರು. ಮೇಡಂ ಅದನ್ನ ಬಿಚ್ಚಿಸಿ ಒಳಗಿಟ್ರು. ತಪ್ಪಾಯ್ತು. ಬಚ್ಚಿಟ್ಟಿದ್ದಾರೆ ಅಂದ ಮೇಲೆ ಏನೋ ಇದೆ ಅಂತ ಜನ ಎರಡು ಪಾಲು ಬಂದ್ರು. ಕಾರಿನ ಛಾವಣಿಗೆ ಪೌಡರ್ ಹಚ್ಚಿ ಉಜ್ಜಿ ಅಂಕಿ ಹುಡುಕಿದ್ರು. ಊದುಬತ್ತಿ, ನೈವೇದ್ಯಕ್ಕೆ ಕೆಂಪು ಸೋಡಾ, ಮಲ್ಲಿಗೆ ಹಾರ. ತೊಟ್ಟಿ ತಳದಿಂದ ಗುಳ್ಳೆ ಏಳ್ತಿತ್ತು. ಬ್ಯಾಟರೀಲಿ ಕರೆಂಟು ಉಳಿದಿದ್ರೆ ಹಂಗೆ, ಅದು ಹತ್ಕೊಳ್ಳೋ ಅನಿಲ ಅಂತ ಮೇಡಂ ಬಾಯಿ ಬಡ್ಕೊಂಡ್ರು. "ತಾಯಿ ಉಸಿರಾಡ್ತಾ ಇದಾಳೆ" ಅಂದ್ರು ಜನ. ಅದರ ಪಕ್ಕದಲ್ಲೇ ಊದುಬತ್ತಿ ಹಚ್ಚಿದ್ರು! ಆಮೇಲೆ ಯಾರೋ ಒಬ್ಬ ಪುಣ್ಯಾತ್ಮ ಬಾಟ್ಲಿಗೆ ದಾರ ಕಟ್ಟಿ ತೊಟ್ಟಿಗೆ ಇಳಿಬಿಟ್ಟ. ಆ ಕಪ್ಪು ನೀರು ತೀರ್ಥ ಆಗಿಹೋಯ್ತು.

ನಮ್ಮ ಹೋಬಳಿ ಮುಖಂಡ ಪ್ರಮುವನ್ ಅಂತ ಒಬ್ಬ ಇದಾನೆ. ಅಂಗಳದ ಜಾಗವೂ ಅವನದೇ. ಮೇಡಂ ಹೋಗಿ ಕೈ ಮುಗಿದು ಕೇಳ್ಕೊಂಡ್ರು. ದೊಡ್ಡವರ ಮುಖ ಕೆಡಿಸಬಾರದು ಅನ್ನೋದು ನಮ್ಮ ರಕ್ತದಲ್ಲೇ ಇದೆಯಲ್ಲ, ಅವರ ದನಿಯೇ ಏಳಲಿಲ್ಲ.

"ಮುಖಂಡರೇ, ದಯವಿಟ್ಟು ಜನರನ್ನ ದೂರ ಇಡಿಸ್ತೀರಾ..."

"ಅಯ್ಯೋ ಮಗಳೇ, ಲಾಟರಿ ಡ್ರಾ ಆಗೋವರೆಗೂ ತಾನೇ? ಬಡವರ ನಂಬಿಕೆ. ನಾನೇನು ಮಾಡ್ಲಿ?"

ಏನು ಮಾಡ್ಲಿ ಅಂದವನು ಮಾರನೇ ದಿನ ತೊಟ್ಟಿ ಪಕ್ಕ ಮೇಜು ಹಾಕಿಸಿ, ಬಿಳಿ ಬಟ್ಟೆ ಹಾಸಿ, ಕಾಣಿಕೆ ಡಬ್ಬಿ ಇಟ್ಟು, ಮೈಕು ಹಿಡ್ಕೊಂಡು ನಿಂತ. "ತಾಯಿ ಭಕ್ತರೇ, ನೂಕಬೇಡಿ, ತೀರ್ಥ ಎಲ್ಲರಿಗೂ ಸಿಗುತ್ತೆ!" ಅಂತ ಹಲ್ಲು ಕಿರೀತಾ. ನನ್ನ ಅಂಗಡೀಲಿ ಊಟಕ್ಕೆ ಬಂದವನ ಮುಖಕ್ಕೆ ಹೊಡೆದ ಹಾಗೆ ಹೇಳಿದೆ: "ನಿಮ್ಮ ಮೊಮ್ಮಕ್ಕಳಿಗೂ ಒಂದು ಲೋಟ ಕುಡಿಸಿ ಮುಖಂಡರೇ." "ಲಮೈ, ನಿನ್ನ ಸಾರಿಗಿಂತ ನಿನ್ನ ಬಾಯೇ ಖಾರ" ಅಂತ ನಕ್ಕ. ನಾಚಿಕೆ ಅನ್ನೋದು ಇದ್ರೆ ತಾನೇ!

ಸಂಗ್ವಿಯನ್ ಪಾಡು ಹೇಳೋಕಾಗಲ್ಲ. ಒಬ್ಬೊಬ್ಬರ ಹತ್ರ ಹೋಗಿ ಪಿಸುಗುಡೋನು. ಕೇಳಿಸ್ಕೊಳ್ಳೋರು ಯಾರು? ಸೀಟಿ ಊದಿದ. ಗಾಡಿ ನಿಲ್ಲಿಸೋಕೆ ಜಾಗ ತೋರಿಸೋನು ಅಂದ್ಕೊಂಡು "ಅಣ್ಣಾ, ಬೈಕು ಎಲ್ಲಿ ಬಿಡಬೇಕು?" ಅಂತ ಕೇಳಿದ್ರು. ಹಗ್ಗ ಕಟ್ಟಿದ್ರೆ ಹಗ್ಗದ ಕೆಳಗೆ ನುಸುಳಿದ್ರು. ಹಲಗೆ ಮೇಲೆ ವಿಷ ಅಂತ ಬರೆದು ನೆಟ್ರೆ ಆ ಹಲಗೆಗೇ ಹಾರ ಹಾಕಿದ್ರು. ಹಾಳಾದ್ದು, ಅದರ ಮೇಲೆ ಇವನಿಗೆ ಹೊಟ್ಟೆ ಬೇರೆ ಕೆಟ್ಟಿತು. ಬೆಳಗಾದ್ರೆ ವಾಂತಿ, ಹೊಟ್ಟೆ ಹಿಡ್ಕೊಂಡು ಮುದುರಿಕೊಳ್ಳೋದು. ಅಕ್ಕಪಕ್ಕದವರು ನನ್ನ ಅಡುಗೆ ಮೇಲೆ ಗೂಬೆ ಕೂರಿಸಿದ್ರು. "ಲಮೈ ಏಡಿ ಹಾಕಿ ಕುಟ್ಟಿದ ಪಪ್ಪಾಯಿ ಕೋಸಂಬರಿ ಹಳಸಿತ್ತೇನೋ" ಅಂತ. ನನಗೆ ಮೈಯೆಲ್ಲ ಉರಿದುಹೋಯ್ತು. ಈ ಕೈಯಡುಗೆ ತಿಂದು ಇವತ್ತಿನವರೆಗೂ ಒಬ್ಬರೂ ಹೊಟ್ಟೆ ಹಿಡ್ಕೊಂಡಿಲ್ಲ! ಅತ್ತೆ ಮಗನಿಗೆ ಬೆಳಿಗ್ಗೆ ಗಂಜಿ ತಾನೇ ಕಾಸಿ ಕೊಡ್ತಿದ್ರು, ಪೂರ್ತಿ ಕುಡಿಯೋವರೆಗೂ ಎದುರೇ ಕೂತಿರ್ತಿದ್ರು. "ಕಷಾಯ ಹಾಕಿದೀನಿ, ಕುಡಿ" ಅನ್ನೋರು, ಮೆಲ್ಲಗೆ.

ಡ್ರಾ ಹಿಂದಿನ ದಿನ ಬೆಳಿಗ್ಗೆ ಅಂಗಳ ಕಿಕ್ಕಿರಿದಿತ್ತು. ಒಬ್ಬ ಅಜ್ಜಿ ತನ್ನ ಮೊಮ್ಮಗಳನ್ನ, ಎಳೇ ಕೂಸನ್ನ, ಎತ್ಕೊಂಡು ಬಂದಿದ್ಲು. ಕೂಸಿಗೆ ಯೋಗ ಚೆನ್ನಾಗಿದೆ ಅಂತೆ, ಅದರ ಕೈಲಿ ಚೀಟಿ ಆರಿಸಿದ್ರೆ ನಂಬರು ತಪ್ಪಲ್ಲ ಅಂತೆ. ಅದಕ್ಕೆ ಮೊದಲು ತೀರ್ಥದಲ್ಲಿ ಮುಖ ತೊಳೆದ್ಲು. ಕೂಸು ಕಿಟಾರನೆ ಕಿರುಚಿತು. ಕೆನ್ನೆ ಕೆಂಪಗೆ ಆಗಿಹೋಯ್ತು, ಕಣ್ಣು ತೆಗೀತಾ ಇಲ್ಲ. "ನೋಡಿ, ನೋಡಿ, ತಾಯಿ ಮುಟ್ಟಿದ್ಲು!" ಅಂತ ಪಕ್ಕದವಳು ಕೈ ಮುಗಿದ್ಲು. ಥೂ, ಇವರ ಭಕ್ತಿಗಿಷ್ಟು! ಸಂಗ್ವಿಯನ್ ನುಗ್ಗಿ ಕೂಸನ್ನ ಕಿತ್ಕೊಂಡು ನನ್ನ ಅಂಗಡಿ ನಲ್ಲಿಗೆ ಓಡಿ ಬಂದ. ಇಬ್ಬರೂ ಸೇರಿ ಅದರ ಮುಖಕ್ಕೆ ನೀರು ಹುಯ್ದೆವು, ಹುಯ್ತಾನೇ ಇದ್ದೆವು. ಮೇಡಂ ಓಡಿ ಬಂದು ಕೂಸನ್ನೂ ಅಜ್ಜಿಯನ್ನೂ ತಮ್ಮ ಕಾರಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ರು. ಕಣ್ಣು ಉಳೀತು, ಆಮೇಲೆ ಗೊತ್ತಾಯ್ತು. ಇಷ್ಟಾದ್ರೂ ಅಂಗಳದಲ್ಲಿ ಸಾಲು ಕದಲಲಿಲ್ಲ. ಬಾಟ್ಲಿ ಇಳೀತಾ ಇತ್ತು, ಏರ್ತಾ ಇತ್ತು.

ಸಂಗ್ವಿಯನ್ ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ನಿಂತ. ಆಮೇಲೆ ಕೈಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. ಕನ್ನಡಕ ತೆಗೆದು ಅದರ ಪಕ್ಕ ಇಟ್ಟ.

"ಏನೋ ಇದು?" ಅಂದೆ.

"ಒಡೆದುಹೋಗಬಾರದಲ್ಲ ಅತ್ತಿಗೆ" ಅಂದ.

ಸೀದಾ ಜನದ ಮಧ್ಯೆ ಹೋದ. ಒಂದು ಸಲ ಆಕಳಿಸಿದ, ಬಾಯಿ ಹರಿದುಹೋಗೋ ಹಾಗೆ. ಇನ್ನೊಂದು ಸಲ. ಭುಜ ನಡುಗೋಕೆ ಶುರುವಾಯ್ತು, ಆಮೇಲೆ ಇಡೀ ಮೈ. ತೂರಾಡ್ತಾ ಹೋಗಿ ಮುಖಂಡನ ಮೇಜಿನ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ, ಹಾರಗಳ ಮಧ್ಯೆ.

"ಮೈ ಮೇಲೆ ಬಂದ್ಲು! ತಾಯಿ ಬಂದ್ಲು!" ಯಾರೋ ಕೂಗಿದ್ರು. ಅಷ್ಟೂ ಜನ ಕುಕ್ಕರಿಸಿ ಕೂತ್ರು, ಕೈ ಮುಗಿದು. ನಿಜವಾಗಿ ದೇವರು ಬರೋನು ವಾಚು ಬಿಚ್ಚಿಟ್ಟು ಹೋಗ್ತಾನಾ? ಈ ಸೋಗನ್ನ ಕಂಡ್ರೆ ಉಗೀತಿದ್ದವನು ಅವನು. ಆ ಜನರ ಮುಂದೆ, ಆ ಮೇಜಿನ ಮೇಲೆ, ಅವನನ್ನ ಹಂಗೆ ನೋಡೋಕೆ ನನಗೆ ಅಸಹ್ಯವೂ ಆಯ್ತು, ಅಳುವೂ ಬಂತು.

ಮುಖಂಡ ಪ್ರಮುವನ್ ಮಂಡಿಯೂರಿ ಮೈಕು ಅವನ ಬಾಯಿಗೆ ಹಿಡಿದ. ಆ ಸುಟ್ಟ ಗಂಟಲ ಪಿಸುಮಾತು ದೊಡ್ಡ ಸ್ಪೀಕರಲ್ಲಿ ಅಂಗಳದ ತುಂಬ ಹರಡ್ತು. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಕೇಳಿದವರ ಮೈ ಜುಮ್ ಅಂತು.

"ಹೊಗೆ... ಯಾರು ಹೊಗೆ ಹಾಕಿದ್ದು? ಹೊಗೆಯಲ್ಲೇ ಸತ್ತೆ ನಾನು! ಆರಿಸಿ!"

ಊದುಬತ್ತಿಗಳನ್ನ ಕಿತ್ತು ಮಣ್ಣಿಗೆ ತುಳಿದಿದ್ದೇ ತುಳಿದಿದ್ದು. ಇಷ್ಟು ದಿನದಿಂದ ಮೇಡಂ ಕೈ ಮುಗಿದು ಕೇಳ್ತಿದ್ದದ್ದು ಇದನ್ನೇ.

"ನನ್ನ ನೀರು ಕದ್ದಿದ್ದೀರಿ. ನನ್ನ ಮೈ ಸುಟ್ಟ ನೀರದು. ಕುಡಿದ್ರೆ ಕರುಳು ಸುಡುತ್ತೆ. ತನ್ನಿ ವಾಪಸ್. ಒಂದು ಹನಿ ಉಳಿಸ್ಕೊಂಡ್ರೂ ನಂಬರು ಕೊಡಲ್ಲ."

ಜನ ಓಡಿದ್ರು ನೋಡಿ ಮನೆಮನೆಗೆ! ಬೈಕಲ್ಲಿ, ಸೈಕಲ್ಲಲ್ಲಿ. ಬಾಟ್ಲಿ, ಕ್ಯಾನು, ಒಬ್ಬನಂತೂ ದೇವರ ಪೀಠದ ಮೇಲಿಟ್ಟಿದ್ದ ಬೋಗುಣಿ ಸಮೇತ ತಂದ. ಕೆಟ್ಟ ನೀರು ಹಿಡಿದಿಡೋಕೆ ಮೇಡಂ ಇಟ್ಟಿದ್ದ ನೀಲಿ ಡ್ರಮ್ಮಿನ ಮುಂದೆ ಸಾಲು ನಿಂತಿತು. ಮುಖಂಡ ಎಲ್ಲರಿಗಿಂತ ಮೊದಲು ತನ್ನ ಜೀಪಿಂದ ಒಂದು ಡಜನ್ ಬಾಟ್ಲಿ ಇಳಿಸಿದ. ಮಾರೋಕೆ ಇಟ್ಟಿದ್ದನೋ ಏನೋ, ಹೇಸಿಗೆ ಮುಂಡೇದು.

ಸಾಲಿನ ಕೊನೇಲಿ ನಮ್ಮತ್ತೆ ಬಂದ್ರು. ಕೈಯಲ್ಲಿ ಒಂದು ಹಳೇ ಮೀನಿನ ಸಾಸಿನ ಬಾಟ್ಲಿ. ನಾನು ಅಂಗಡಿಯಿಂದ ಓಡಿ ಬರೋದ್ರೊಳಗೆ ಮೇಜಿನ ಮುಂದೆ ಮೂರು ಸಲ ನೆಲಕ್ಕೆ ಹಣೆ ಹಚ್ಚಿಬಿಟ್ಟಿದ್ರು, ಸ್ವಂತ ಮಗನಿಗೆ. ಸಂಗ್ವಿಯನ್ ಕಣ್ಣು ಮುಚ್ಚಿದ್ದ. ಯಾರು ಬಂದಿದ್ದಾರೆ ಅಂತ ಅವನಿಗೆ ಗೊತ್ತಾಗಿದ್ದು ಅವರು ಬಾಯಿ ತೆಗೆದಾಗಲೇ.

"ತಾಯೀ, ನನಗೆ ನಂಬರು ಬೇಡ. ನನ್ನ ಮಗ ಹಾಡ್ತಿದ್ದ ತಾಯೀ. ಈ ಊರಲ್ಲಿ ಅವನ ಥರ ಹಾಡೋನು ಇರಲಿಲ್ಲ. ನಿನ್ನ ಥರದ ಒಂದು ಗಾಡೀನೇ ಅವನ ಸ್ವರ ತಗೊಂಡಿದ್ದು. ತಗೊಂಡವಳಿಗೆ ಕೊಡೋಕೂ ಬರುತ್ತೆ ಅಂತ ನಾನು ನಿನ್ನ ತೀರ್ಥ ತಗೊಂಡು ಹೋದೆ. ದಿನಾ ಗಂಜೀಲಿ ಒಂದು ಚಮಚ ಹಾಕಿ ಕುಡಿಸ್ತಾ ಇದೀನಿ. ಇನ್ನೂ ಸ್ವರ ಬಂದಿಲ್ಲ. ಇದನ್ನ ಮಾತ್ರ ವಾಪಸ್ ತಗೋಬೇಡ ತಾಯೀ. ಇನ್ನೊಂದು ನಾಕು ದಿನ ಬಿಡು."

ನನ್ನ ಪಪ್ಪಾಯಿಯಂತೆ, ನನ್ನ ಏಡಿಯಂತೆ! ಆ ಹಾಳು ಚರಂಡಿ ನೀರು ಅವನ ಹೊಟ್ಟೆಗೆ ಹೋಗ್ತಿತ್ತು, ದಿನಾ, ಹೆತ್ತವಳ ಕೈಯಿಂದ.

ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳಿಸ್ತಿತ್ತು. ಇಳಿದು ಬಂದು ಅವ್ವಾ ಅಂದುಬಿಟ್ರೆ ಮುಗೀತು, ಸೋಗು ಬಯಲಾಗುತ್ತೆ, ಈ ಜನ ಆ ಡ್ರಮ್ಮಿಗೇ ಬಾಯಿ ಹಾಕ್ತಾರೆ. ಅವನಿಗೂ ಗೊತ್ತಿತ್ತು. ಮುಚ್ಚಿದ ಕಣ್ಣಿಂದ ನೀರು ಇಳೀತಾ ಇತ್ತು. ತಾಯಿ ಅಳ್ತಾ ಇದಾಳೆ ಅಂತ ಜನವೂ ಅತ್ತರು, ದಡ್ಡ ಮುಂಡೇವು.

"ನಿನ್ನ ಮಗನ ಸ್ವರ ನನ್ನ ಹತ್ರ ಇಲ್ಲ" ಅಂದ. "ಯಾರೂ ಕಿತ್ಕೊಂಡಿಲ್ಲ ಅದನ್ನ. ನೆಲಮಾಳಿಗೇಲಿ ಅವನೇ ಕೊಟ್ಟುಬಿಟ್ಟ. ಅವತ್ತು ಎಲ್ಲರೂ ಬದುಕಿದ್ರು. ಅದು ಇನ್ನು ಬರಲ್ಲ. ಚೆಲ್ಲಿಬಿಡು. ಗಂಜಿ ಬರೀ ಗಂಜಿ ಆಗಿರಲಿ. ಚೆಲ್ಲಿ ಮನೆಗೆ ಹೋಗು, ಮುದುಕಿ."

ಅತ್ತೆ ತಲೆ ಎತ್ತಿದ್ರು. ಅವನ ಮುಖ ನೋಡಿದ್ರು, ಬೆನ್ನು ಬಾಗಿಸಿ ಕೂತಿದ್ದ ರೀತಿ ನೋಡಿದ್ರು. ಗೊತ್ತಾಗಿಹೋಯ್ತು ಅವರಿಗೆ. ಒಂದು ಮಾತು ಆಡಿದ್ರೆ ಸಾಕಿತ್ತು, ಸೋಗು ಕಳಚಿ ಬೀಳ್ತಿತ್ತು. ಅವರು ಎದ್ರು, ಬಾಟ್ಲಿ ಮುಂದಕ್ಕೆ ಹಿಡಿದು ಡ್ರಮ್ಮಿಗೆ ಬಗ್ಗಿಸಿ, ಕೊನೇ ಹನಿವರೆಗೂ ಅಲ್ಲಾಡಿಸಿ ಸುರಿದ್ರು. ಆಮೇಲೆ ಜನದ ಕಡೆ ತಿರುಗಿ, ಅಷ್ಟು ವರ್ಷ ಅದುಮಿಟ್ಟಿದ್ದ ಗಂಟಲನ್ನ ಬಿಟ್ರು.

"ಕೇಳಿಸ್ತಾ ನಿಮಗೆ? ಚೆಲ್ರೋ! ಇನ್ನೂ ಬಚ್ಚಿಟ್ಟಿರೋರು ತಂದು ಚೆಲ್ರೋ! ಅದು ವಿಷ ಅಂತ ಹೇಳ್ತಾ ಇದಾ..." ಒಂದು ಕ್ಷಣ ತಡೆದ್ರು. "ಹೇಳ್ತಾ ಇದಾಳೆ ತಾಯಿ! ಹಗ್ಗದಾಚೆ ಹೋಗ್ರೋ ಎಲ್ಲಾ, ಬೇವರ್ಸಿಗಳಾ!"

ಮೈಕು ಇಲ್ಲದೆ ಇಡೀ ಅಂಗಳ ಹಿಂದಕ್ಕೆ ಸರೀತು.

ಮುಖಂಡ ಮಾತ್ರ ಕದಲಲಿಲ್ಲ. "ತಾಯೀ, ನಂಬರು..." ಅಂದ. ಸಂಗ್ವಿಯನ್ "ಒಂದು, ಒಂಬತ್ತು, ಒಂಬತ್ತು" ಅಂದ, ಅಂದವನೇ ಹಿಂದಕ್ಕೆ ಬಿದ್ದ. ಜನ ಕುಣಿದುಬಿಟ್ರು. ಅವನ ಬೆನ್ನ ಮೇಲೆ, ಅಂಗಿ ಮೇಲೆ, ಅಂಗೈಯಗಲದ ಅಂಕಿಯಲ್ಲಿ ಅದೇ ನಂಬರು, ಬೆಂಕಿ ಬಿದ್ರೆ ಕರೆಯೋದು, ವರ್ಷಗಳಿಂದ ಬರೆದಿತ್ತು. ಯಾರಾದ್ರೂ ಓದಿದ್ರೆ ತಾನೇ!

ಅವತ್ತೇ ಮೇಡಂ ವಾಪಸ್ ಬಂದು ಅವನನ್ನೂ ಆಸ್ಪತ್ರೆಗೆ ಸೇರಿಸಿದ್ರು. ಕರುಳಿಗೆ ಗಾಯ ಆಗಿತ್ತು, ಬೇಗ ಗೊತ್ತಾಗಿದ್ದಕ್ಕೆ ಉಳ್ಕೊಂಡ ಅಂದ್ರು ಡಾಕ್ಟರು. ಡ್ರಾನಲ್ಲಿ ಆ ನಂಬರು ಹತ್ತಿರಕ್ಕೂ ಬರಲಿಲ್ಲ. ಮಾರನೇ ದಿನವೇ ಅದೇ ಭಕ್ತರು ಗೇಟಿನ ಹತ್ರ ನಿಂತು ಕಾರಿನ ಕಡೆ ಉಗಿದು ಹೋದ್ರು. ಒಬ್ಬ ಚಪ್ಪಲಿ ಎಸೆದ. ಮುಖಂಡ ಮೇಜು, ಡಬ್ಬಿ ಎಲ್ಲಾ ಎತ್ತಿಸಿಕೊಂಡು ಹೋದ, ಆ ಬಿಳಿ ಬಟ್ಟೆ ಸಮೇತ. ಅಂಗಳ ಖಾಲಿ ಆಯ್ತು. ಲಾರಿ ಬಂದು ಕಾರನ್ನ ತೊಟ್ಟಿಯಿಂದ ಎತ್ತಿದ ದಿನ ಅದು ನಾಲ್ಕನೇ ಸಲ ಹತ್ಕೊಂಡಿತು, ಮನೆ ಎತ್ತರ. ಸುತ್ತ ಯಾರೂ ಇರಲಿಲ್ಲ. ಮೇಡಂ ತಮ್ಮ ಚಪ್ಪಟೆ ಕೊಳವೆ ತೂರಿಸಿ ಕಡಿಮೆ ನೀರಲ್ಲೇ ಅದನ್ನ ಆರಿಸಿದ್ರು, ಆ ನೀರನ್ನೂ ಒಂದು ಹನಿ ಬಿಡದೆ ಹಿಡಿದಿಟ್ರು.

ಈಗ ಗೇಟಿನ ಹತ್ರ ಒಂದು ಕುರ್ಚಿ ಹಾಕ್ಕೊಂಡು ನಮ್ಮತ್ತೆ ಕೂತಿರ್ತಾರೆ. ಸಂಗ್ವಿಯನ್ ಒಳಗಿಂದ ಕೈ ಎತ್ತಿದ್ರೆ ಇವರು ಇಲ್ಲಿಂದ ಕೂಗ್ತಾರೆ, ಹಗ್ಗದ ಹತ್ರ ಬಂದವನು ಹಾರಿ ಬೀಳ್ತಾನೆ. ಮನೇಲೂ ಮೊದಲಿನ ಹಾಗೇ ಗಲಾಟೆ, ಒಂದು ಕಡೆಯಿಂದ ಜೋರು, ಇನ್ನೊಂದು ಕಡೆಯಿಂದ ಪಿಸುಪಿಸು. ಬೆಳಗಿನ ಗಂಜಿ ಈಗಲೂ ಅವರೇ ಕಾಸೋದು, ಬೇರೆಯವರನ್ನ ಒಲೆ ಹತ್ರ ಬಿಡಲ್ಲ. ಬಟ್ಟಲು ಕೈಗೆ ಬಂದ ಮೇಲೆ ಸಂಗ್ವಿಯನ್ ಒಂದು ಸಲ ಮೂಸಿ ನೋಡ್ತಾನೆ. ಅದನ್ನ ನೋಡದವರ ಹಾಗೆ ಅತ್ತೆ ಮುಖ ಆಚೆ ತಿರುಗಿಸ್ತಾರೆ. ಆಮೇಲೆ ಅವನು ಪೂರ್ತಿ ಕುಡೀತಾನೆ.